ನಮ್ಮ ಆಕಾಶದ ‘ಶತ್ರು’ ವಿಮಾನಗಳು

‘ಎಫ್-19 ಸ್ಟೆಲ್ತ್ ಫೈಟರ್’ ಎಂಬ ಕಂಪ್ಯೂಟರ್ ಆಟ ಆಡಬೇಕಾದರೆ ಮೊದಲು ಒಂದು ಪರೀಕ್ಷೆಯಲ್ಲಿ ಪಾಸಾಗಬೇಕಿತ್ತು. ತೆರೆಯ ಮೇಲೆ ಒಂದು ವಿಮಾನದ ಚಿತ್ರ ಬರುತ್ತಿತ್ತು, ಅದರ ಹೆಸರು ಹೇಳಬೇಕು. ಸರಿ ಹೇಳಿದವನಿಗೆ ಮಾತ್ರ ಯುದ್ಧದ ಬಾಗಿಲು ತೆರೆಯುತ್ತಿತ್ತು. 1988ರಲ್ಲಿ ಅಮೆರಿಕದ ಮೈಕ್ರೊಪ್ರೋಸ್ ಕಂಪನಿ ಈ ಆಟ ಹೊರತಂದಾಗ ಅದರ ಲೆಕ್ಕ ಸರಳವಾಗಿತ್ತು. ಆಟದ ಜೊತೆ ಬರುವ ದಪ್ಪ ಕೈಪಿಡಿಯಲ್ಲಿ ಆ ಚಿತ್ರಗಳೆಲ್ಲ ಇದ್ದವು. ದುಡ್ಡು ಕೊಟ್ಟು ಕೊಂಡವನ ಹತ್ತಿರ ಕೈಪಿಡಿ ಇರುತ್ತದೆ, ಫ್ಲಾಪಿ ನಕಲು ಮಾಡಿಕೊಂಡವನ ಹತ್ತಿರ ಇರುವುದಿಲ್ಲ.

ವಿಶಾಖಪಟ್ಟಣದಲ್ಲಿ ನಮ್ಮ ಕೈಗೆ ಬಂದದ್ದು ನಕಲು ಫ್ಲಾಪಿಯೇ. ಜೊತೆಗೆ ಜೆರಾಕ್ಸ್‌ನ ಜೆರಾಕ್ಸ್ ಆಗಿದ್ದ ಒಂದಿಷ್ಟು ಹಾಳೆಗಳು. ಅವುಗಳಲ್ಲಿ ವಿಮಾನಗಳೆಲ್ಲ ಮಸಿ ಕಲೆಗಳಂತೆ ಕಾಣುತ್ತಿದ್ದವು. ಆದರೂ ನಮ್ಮ ಗುಂಪು ಪಾಸಾಗುತ್ತಿತ್ತು. ನೌಕಾಪಡೆಯವರ ಮಕ್ಕಳು ನಮ್ಮ ಜೊತೆ ಓದುತ್ತಿದ್ದರು. ಮಿಗ್‌ಗೂ ಸುಖೋಯ್‌ಗೂ ಇರುವ ವ್ಯತ್ಯಾಸ, ಯಾವುದರ ಗಾಳಿದ್ವಾರ ಎಲ್ಲಿದೆ, ಯಾವುದಕ್ಕೆ ಎರಡು ಬಾಲ ಎಂಬುದೆಲ್ಲ ಅವರಿಗೆ ಕಂಠಪಾಠವಾಗಿತ್ತು. ಅವರಿಂದ ನಮಗೂ ಬಂತು. ಅಮೆರಿಕದ ಆಟ ಯಾವುದನ್ನು ಶತ್ರು ಎಂದು ಗುರುತಿಸಲು ಕೇಳುತ್ತಿತ್ತೋ ಅದು ನಮ್ಮ ದೇಶದ ವಿಮಾನವಾಗಿತ್ತು. ಇಷ್ಟು ವರ್ಷಗಳ ಮೇಲೆ ಆ ಆಟಗಳನ್ನು ನೆನೆದಾಗಲೆಲ್ಲ ನನಗೆ ಮೊದಲು ಹೊಳೆಯುವುದು ಇದೇ. ನಾವು ಕೂತಿದ್ದು ಇನ್ನೊಬ್ಬರ ಕಾಕ್‌ಪಿಟ್‌ನಲ್ಲಿ, ಗುರಿ ಇಟ್ಟಿದ್ದು ನಮ್ಮದೇ ವಿಮಾನಗಳ ಮೇಲೆ.

ವಿಶಾಖಪಟ್ಟಣದ ಮಟ್ಟಿಗೆ ಇದು ಬರೀ ಮಾತಿನ ಚಮತ್ಕಾರವಲ್ಲ. ಪೂರ್ವ ನೌಕಾ ಕಮಾಂಡ್‌ನ ಕೇಂದ್ರ ಅಲ್ಲಿದೆ. ಬಂದರಿನಲ್ಲಿ ನಿಂತಿರುತ್ತಿದ್ದ ರಜಪೂತ್ ವರ್ಗದ ಯುದ್ಧನೌಕೆಗಳು ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದವು. ಅವುಗಳಿಗೆ ಸೇರಿದ ಕಾಮೊವ್ ಹೆಲಿಕಾಪ್ಟರ್‌ಗಳು ಊರಿನ ಮೇಲೆ ಹಾರುತ್ತಿದ್ದವು. ಬಾಲದಲ್ಲಿ ಪಂಖವಿಲ್ಲ, ನೆತ್ತಿಯ ಮೇಲೆ ಒಂದರ ಮೇಲೊಂದರಂತೆ ಎರಡು ರೋಟರ್. ಒಮ್ಮೆ ನೋಡಿದ ಮಗು ಮರೆಯುವ ಆಕಾರವಲ್ಲ ಅದು. ಕಡಲೊಳಗಿನ ಜಲಾಂತರ್ಗಾಮಿಗಳೂ ಸೋವಿಯತ್ ಒಕ್ಕೂಟದಿಂದಲೇ ಬಂದವು. 1969ರಲ್ಲಿ ಸೇವೆಗೆ ಸೇರಿದ ಐಎನ್‌ಎಸ್ ಕುರ್ಸುರಾ ಈಗ ರಾಮಕೃಷ್ಣ ಬೀಚ್‌ನ ಮರಳ ಮೇಲೆ ಮ್ಯೂಸಿಯಂ ಆಗಿ ನಿಂತಿದೆ. ಇನ್ನು ಉಕ್ಕಿನ ಕಾರ್ಖಾನೆ ಎದ್ದದ್ದು ಸೋವಿಯತ್ ನೆರವಿನಿಂದ. ರಷ್ಯನ್ ಇಂಜಿನಿಯರುಗಳು ಸಂಸಾರ ಸಮೇತ ಬಂದು ಇದ್ದರು. ತರಕಾರಿ ಚೌಕಾಸಿಗೆ ಬೇಕಾಗುವಷ್ಟು ತೆಲುಗು ಕಲಿತ ರಷ್ಯನ್ ಹೆಂಗಸರನ್ನು ನಾನು ಪೂರ್ಣಾ ಮಾರ್ಕೆಟ್‌ನಲ್ಲಿ ಕಂಡಿದ್ದೇನೆ. ತಂದೆಯವರ ನೌಕರಿಗಾಗಿ ಕರ್ನಾಟಕದಿಂದ ಬಂದಿದ್ದ ನಮ್ಮ ಮನೆಯವರೂ ಅದೇ ಸಾಲಿನಲ್ಲಿ ನಿಂತು ಅಷ್ಟೇ ತೆಲುಗಿನಲ್ಲಿ ಚೌಕಾಸಿ ಮಾಡುತ್ತಿದ್ದರು. ಸಂಜೆ ಮಾರುಕಟ್ಟೆಯಲ್ಲಿ ನಕ್ಕ ಜನರ ದೇಶದ ಮೇಲೆ ರಾತ್ರಿ ಕಂಪ್ಯೂಟರಿನಲ್ಲಿ ಬಾಂಬು ಹಾಕುವುದು ಹುಡುಗರಿಗೆ ಸಲೀಸಾಗಿ ಸಾಧ್ಯವಿತ್ತು. ಆದರೆ ಎಲ್ಲೋ ಒಂದು ಸಣ್ಣ ಮುಳ್ಳು ಚುಚ್ಚುತ್ತಲೂ ಇತ್ತು.

ಕಂಪ್ಯೂಟರ್ ನಮ್ಮ ಕೈಗೆ ಎಟುಕಿದ್ದಕ್ಕೂ ಒಂದು ಹಿನ್ನೆಲೆ ಇದೆ. 1984ರ ನವೆಂಬರ್‌ನಲ್ಲಿ, ರಾಜೀವ್ ಗಾಂಧಿ ಪ್ರಧಾನಿಯಾದ ಕೆಲವೇ ವಾರಗಳಲ್ಲಿ, ಹೊಸ ಕಂಪ್ಯೂಟರ್ ನೀತಿ ಬಂತು. ಆಮದು ಸಡಿಲವಾಯಿತು, ಸುಂಕ ಇಳಿಯಿತು, ಐಬಿಎಂ ಪಿಸಿಯನ್ನು ಹೋಲುವ ಯಂತ್ರಗಳು ದೇಶದೊಳಗೇ ಜೋಡಣೆಯಾಗತೊಡಗಿದವು. ಆ ನೀತಿ ತಂದ ಪ್ರಧಾನಿ ಅದಕ್ಕೆ ಮೊದಲು ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಪೈಲಟ್ ಆಗಿದ್ದವರು ಎಂಬುದು ನಮಗೆ ಆಗ ಬಹಳ ದೊಡ್ಡ ಸಂಗತಿಯಾಗಿ ಕಂಡಿತ್ತು. ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಳ್ಳುವುದು ನಮ್ಮಂಥವರ ಅಳವಿಗೆ ಮೀರಿದ್ದು. ದ್ವಾರಕಾನಗರದ ಕಂಪ್ಯೂಟರ್ ತರಬೇತಿ ಕೇಂದ್ರಗಳೇ ನಮ್ಮ ವಾಯುನೆಲೆ. ಹಗಲೆಲ್ಲ ಬೇಸಿಕ್, ಕೋಬಾಲ್, ಡಿಬೇಸ್ ಪಾಠ. ಸಂಜೆ ತರಗತಿ ಮುಗಿದ ಮೇಲೆ ಲ್ಯಾಬ್ ನೋಡಿಕೊಳ್ಳುವ ಅಣ್ಣನ ಮನಸ್ಸು ಒಳ್ಳೆಯದಿದ್ದರೆ ಒಂದು ತಾಸು ಹಾರಾಟ. ಒಬ್ಬನ ಕೈಯಲ್ಲಿ ಬಾಣದ ಕೀಲಿಗಳು, ಇನ್ನೊಬ್ಬನ ಪಾಲಿಗೆ ಕ್ಷಿಪಣಿಯ ಕೀಲಿ, ಮೂರನೆಯವನು ಜೆರಾಕ್ಸ್ ಹಾಳೆ ಹಿಡಿದು ರೇಡಾರ್‌ಗೆ ಯಾವ ಅಕ್ಷರ ಒತ್ತಬೇಕೆಂದು ಕೂಗುತ್ತಿದ್ದ. ಒಂದೇ ಆಸನದ ವಿಮಾನವನ್ನು ನಾವು ಮೂವರು ಹಾರಿಸುತ್ತಿದ್ದೆವು. ಜಾಯ್‌ಸ್ಟಿಕ್ ಎಂಬುದನ್ನು ನಾವು ನೋಡಿದ್ದು ವಿದೇಶಿ ಪತ್ರಿಕೆಯ ಜಾಹೀರಾತಿನಲ್ಲಿ ಮಾತ್ರ.

ಇಂದಿನ ಮಕ್ಕಳಿಗೆ ಆ ಆಟಗಳ ಚಿತ್ರ ತೋರಿಸಿದರೆ ಕನಿಕರಪಡುತ್ತಾರೆ. ನೆಲವೆಂದರೆ ಒಂದೇ ಹಸಿರು ಬಣ್ಣ, ಬೆಟ್ಟವೆಂದರೆ ತ್ರಿಕೋನ, ಶತ್ರು ವಿಮಾನವೆಂದರೆ ಬೂದು ಬಣ್ಣದ ನಾಲ್ಕಾರು ಚಪ್ಪಟೆ ಮುಖಗಳು. ಹಾಗೇಕೆ ಇತ್ತೆಂದು ತಿಳಿದರೆ ಕನಿಕರ ಹೋಗಿ ಗೌರವ ಬರುತ್ತದೆ. ಲೆಕ್ಕ ಹಾಕಿ ನೋಡೋಣ. ಮೊದಲ ಐಬಿಎಂ ಪಿಸಿಯ 8088 ಚಿಪ್ಪಿನ ಗಡಿಯಾರ ಸೆಕೆಂಡಿಗೆ ಸುಮಾರು 47.7 ಲಕ್ಷ ಸಲ ಬಡಿಯುತ್ತಿತ್ತು. ಎರಡು ಸಂಖ್ಯೆಗಳನ್ನು ಒಂದು ಸಲ ಗುಣಿಸಲು ಅದಕ್ಕೆ 120ರಷ್ಟು ಬಡಿತ ಬೇಕು. ಅಂದರೆ ಬೇರೇನೂ ಮಾಡದೆ ಬರೀ ಗುಣಿಸುತ್ತ ಕೂತರೂ ಸೆಕೆಂಡಿಗೆ 40 ಸಾವಿರ ಗುಣಾಕಾರ. ನೀವು ವಿಮಾನವನ್ನು ಎಡಕ್ಕೆ ವಾಲಿಸಿದಾಗ ಹೊರಗಿನ ಜಗತ್ತಿನ ಪ್ರತಿಯೊಂದು ಬಿಂದುವೂ ಬಲಕ್ಕೆ ತಿರುಗಬೇಕು. ಒಂದು ಬಿಂದುವನ್ನು ಮೂರು ದಿಕ್ಕುಗಳಲ್ಲಿ ತಿರುಗಿಸಲು 9 ಗುಣಾಕಾರ. ಚಲನೆ ಕಣ್ಣಿಗೆ ಚಲನೆಯಂತೆ ಕಾಣಬೇಕಾದರೆ ಸೆಕೆಂಡಿಗೆ ಕಡೇಪಕ್ಷ ಹತ್ತು ಚಿತ್ರ ಬೇಕು. ಭಾಗಿಸಿ ನೋಡಿ: ಒಂದು ಚಿತ್ರಕ್ಕೆ ಸಿಗುವುದು ನಾನೂರ ಚಿಲ್ಲರೆ ಬಿಂದು. ಅದೂ ದೂರದ್ದನ್ನು ಚಿಕ್ಕದಾಗಿಸುವ ಭಾಗಾಕಾರ, ಬಣ್ಣ ತುಂಬುವ ಕೆಲಸ, ಶತ್ರುವಿನ ಯೋಚನೆ, ನಿಮ್ಮ ರೆಕ್ಕೆಯ ಮೇಲಿನ ಗಾಳಿ ಇವ್ಯಾವುದನ್ನೂ ಎಣಿಸದೆ. ಅವುಗಳನ್ನೂ ಎಣಿಸಿದರೆ ಉಳಿಯುವುದು ಬೆರಳೆಣಿಕೆಯ ರೇಖೆಗಳು. ಬೆಟ್ಟ ತ್ರಿಕೋನವಾಗಿದ್ದು ಹೀಗೆ. ಮೂರಕ್ಕಿಂತ ಕಡಿಮೆ ಬಿಂದುಗಳಲ್ಲಿ ಬೆಟ್ಟ ಕಟ್ಟಲು ಬರುವುದಿಲ್ಲ.

ಈ ಜಿಪುಣ ಯಂತ್ರಗಳ ಮೇಲೆ ಮೊದಲು ಹಾರಿದವನು ಬ್ರೂಸ್ ಆರ್ಟ್‌ವಿಕ್. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1975ರಲ್ಲಿ ಕಂಪ್ಯೂಟರ್ ತೆರೆಯ ಮೇಲೆ ವಿಮಾನದ ನೋಟ ಮೂಡಿಸುವ ಬಗ್ಗೆ ಪ್ರಬಂಧ ಬರೆದ ಈತ, ಮುಂದೆ ಸಬ್‌ಲಾಜಿಕ್ ಕಂಪನಿ ಕಟ್ಟಿ ಆಪಲ್ ಕಂಪ್ಯೂಟರಿಗೆ ಫ್ಲೈಟ್ ಸಿಮ್ಯುಲೇಟರ್ ಬರೆದ. ಅದರಲ್ಲೇ ಮೊದಲ ಮಹಾಯುದ್ಧದ ಜೋಡಿರೆಕ್ಕೆ ವಿಮಾನಗಳ ಕಾಳಗವೂ ಇತ್ತು. 1982ರಲ್ಲಿ ಅದು ಮೈಕ್ರೋಸಾಫ್ಟ್ ಹೆಸರಿನಲ್ಲಿ ಐಬಿಎಂ ಪಿಸಿಗೆ ಬಂತು. ಯಂತ್ರದ ಒಳಸುಳಿಗಳನ್ನೆಲ್ಲ ಎಷ್ಟು ಆಳವಾಗಿ ಬಳಸಿಕೊಂಡಿತ್ತೆಂದರೆ, ಐಬಿಎಂಗೆ ಸರಿಸಮ ಎಂದು ಹೇಳಿಕೊಳ್ಳುವ ಯಾವ ಕಂಪ್ಯೂಟರನ್ನಾದರೂ ಪರೀಕ್ಷಿಸಲು ಫ್ಲೈಟ್ ಸಿಮ್ಯುಲೇಟರ್ ಓಡಿಸಿ ನೋಡುವ ರೂಢಿ ಬೆಳೆಯಿತು. ಅದು ಓಡಿದರೆ ಯಂತ್ರ ಗಟ್ಟಿ. ಆಮೇಲೆ ಬಂದವರೆಲ್ಲ ಈ ದಾರಿಯಲ್ಲೇ ನಡೆದರು. ಸಿಡ್ ಮೈಯರ್ ಮತ್ತು ವಾಯುಪಡೆಯ ಮಾಜಿ ಪೈಲಟ್ ಬಿಲ್ ಸ್ಟೀಲಿ ಸೇರಿ ಕಟ್ಟಿದ ಮೈಕ್ರೊಪ್ರೋಸ್‌ನಿಂದ ‘ಎಫ್-15 ಸ್ಟ್ರೈಕ್ ಈಗಲ್’, ಸ್ಪೆಕ್ಟ್ರಂ ಹೋಲೋಬೈಟ್‌ನಿಂದ 1987ರಲ್ಲಿ ‘ಫಾಲ್ಕನ್’, ಡೈನಾಮಿಕ್ಸ್‌ನಿಂದ 1990ರಲ್ಲಿ ‘ರೆಡ್ ಬ್ಯಾರನ್’.

ಇವುಗಳಲ್ಲಿ ನನ್ನ ಪ್ರೀತಿಗೆ ಹೆಚ್ಚು ಪಾತ್ರವಾದದ್ದು 1991ರ ‘ಚಕ್ ಯೇಗರ್ಸ್ ಏರ್ ಕಾಂಬ್ಯಾಟ್’. ಬ್ರೆಂಟ್ ಐವರ್ಸನ್ ಬರೆದ ಈ ಆಟದಲ್ಲಿ ಹಾರಿಸಲು ಸಿಗುತ್ತಿದ್ದ ವಿಮಾನಗಳಲ್ಲಿ ಮಿಗ್-21 ಕೂಡ ಒಂದು. ನಮ್ಮ ವಾಯುಪಡೆಗೆ 1963ರಲ್ಲಿ ಸೇರಿದ ವಿಮಾನ! ಅಮೆರಿಕದ ಆಟವೊಂದರಲ್ಲಿ ನಮ್ಮದೆನ್ನುವ ಕಾಕ್‌ಪಿಟ್ ನಮಗೆ ಸಿಕ್ಕಿದ್ದು ಅದೇ ಮೊದಲು. ವಿಯೆಟ್ನಾಂ ಆಕಾಶದಲ್ಲಿ ಅಮೆರಿಕದ ಎಫ್-4 ಫ್ಯಾಂಟಮ್‌ಗಳ ಎದುರು ಅದನ್ನು ಹಾರಿಸುವಾಗ ತರಗತಿಯಲ್ಲಿ ತಲೆಗೆ ಹತ್ತದ ಭೌತಶಾಸ್ತ್ರ ಕೈಗೆ ಹತ್ತಿತು. ವೇಗ ಇಮ್ಮಡಿಯಾದರೆ, ಅಷ್ಟೇ ಜಿ ಬಲದಲ್ಲಿ ತಿರುಗುವ ವೃತ್ತದ ತ್ರಿಜ್ಯ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಎದುರಾಳಿ ಹಿಂದೆ ಬಿದ್ದಾಗ ಎಂಜಿನ್ನಿಗೆ ಇನ್ನಷ್ಟು ಬೆಂಕಿ ಕೊಟ್ಟು ಓಡುವುದು ಬಹಳ ಸಲ ಮೂರ್ಖತನ. ಹಾಗೆಂದು ವೇಗ ತೀರ ಕಡಿಮೆಯಾದರೆ ರೆಕ್ಕೆಯ ಮೇಲಿನ ಗಾಳಿ ಹಿಡಿತ ಬಿಡುತ್ತದೆ, ವಿಮಾನ ‘ಸ್ಟಾಲ್’ ಆಗಿ ಕಲ್ಲಿನಂತೆ ಬೀಳುತ್ತದೆ. ಮಿಗ್-21ರ ತ್ರಿಕೋನ ರೆಕ್ಕೆ ಚುರುಕಾಗಿ ತಿರುಗಿಸುತ್ತದೆ, ಆದರೆ ಪ್ರತಿ ಬಿಗಿ ತಿರುವಿಗೂ ವೇಗವನ್ನು ಬೆಲೆಯಾಗಿ ವಸೂಲು ಮಾಡುತ್ತದೆ. ಹೋದ ವೇಗವನ್ನು ಮರಳಿ ಪಡೆಯಲು ಎತ್ತರ ಕಳೆದುಕೊಳ್ಳಬೇಕು. ಎತ್ತರವೂ ಮುಗಿದರೆ ಆಟ ಮುಗಿಯಿತು. ಎತ್ತರವನ್ನೂ ವೇಗವನ್ನೂ ಒಂದೇ ಶಕ್ತಿಯ ಎರಡು ರೂಪಗಳೆಂದು ಲೆಕ್ಕ ಹಾಕುವ ಈ ವಿದ್ಯೆಯನ್ನು 1960ರ ದಶಕದಲ್ಲಿ ಅಮೆರಿಕದ ವಾಯುಪಡೆಯ ಜಾನ್ ಬಾಯ್ಡ್ ರೂಪಿಸಿದ. ಅದನ್ನೇ ನಾವು ದ್ವಾರಕಾನಗರದಲ್ಲಿ ಮತ್ತೆ ಮತ್ತೆ ನೆಲಕ್ಕೆ ಬಿದ್ದು ಕಲಿತೆವು. ಬಿದ್ದಾಗಲೆಲ್ಲ ಯೇಗರ್ ಸಾಹೇಬರ ಬುದ್ಧಿಮಾತು ಬರುತ್ತಿತ್ತು.

ಈ ಯೇಗರ್ 1947ರ ಅಕ್ಟೋಬರ್ 14ರಂದು ಬೆಲ್ ಎಕ್ಸ್-1 ವಿಮಾನದಲ್ಲಿ ಶಬ್ದದ ವೇಗವನ್ನು ಮೀರಿದವರು ಎಂಬುದು ನಮಗೆ ಗೊತ್ತಿತ್ತು. ಗೊತ್ತಿಲ್ಲದ ಇನ್ನೊಂದು ಕಥೆಯನ್ನು ನಾನು ಓದಿದ್ದು ಬಹಳ ವರ್ಷಗಳ ಮೇಲೆ. 1971ರಲ್ಲಿ ಯೇಗರ್ ಇಸ್ಲಾಮಾಬಾದ್‌ನಲ್ಲಿದ್ದರು. ಪಾಕಿಸ್ತಾನಕ್ಕೆ ಸೇನಾ ನೆರವು ನೋಡಿಕೊಳ್ಳುವ ಅಮೆರಿಕದ ರಕ್ಷಣಾ ಪ್ರತಿನಿಧಿಯ ಹುದ್ದೆ ಅವರದು. ಓಡಾಟಕ್ಕೆ ಎರಡು ಎಂಜಿನ್‌ಗಳ ಒಂದು ಬೀಚ್‌ಕ್ರಾಫ್ಟ್ ವಿಮಾನ ಕೊಟ್ಟಿದ್ದರು, ಅದು ಚಕ್ಲಾಲಾ ವಾಯುನೆಲೆಯಲ್ಲಿ ನಿಂತಿತ್ತು. ಡಿಸೆಂಬರ್‌ನಲ್ಲಿ ಯುದ್ಧ ಶುರುವಾದಾಗ ಭಾರತದ ಹಂಟರ್ ವಿಮಾನಗಳು ಚಕ್ಲಾಲಾ ಮೇಲೆ ಎರಗಿ ನೆಲದ ಮೇಲಿದ್ದ ವಿಮಾನಗಳನ್ನು ಸುಟ್ಟವು. ಯೇಗರ್ ವಿಮಾನವೂ ಅದರಲ್ಲಿ ಬೂದಿಯಾಯಿತು. ದಾಳಿಯಲ್ಲಿದ್ದ ಒಬ್ಬ ಪೈಲಟ್ ವಾಯುಪಡೆಯವರಲ್ಲ, ವಾಯುಪಡೆಯ 20ನೇ ಸ್ಕ್ವಾಡ್ರನ್‌ಗೆ ಎರವಲಾಗಿ ಬಂದಿದ್ದ ನೌಕಾಪಡೆಯ ಅಧಿಕಾರಿ ಅರುಣ್ ಪ್ರಕಾಶ್. ಆ ಯುದ್ಧದಲ್ಲಿ ವೀರಚಕ್ರ ಪಡೆದ ಅವರು ಮುಂದೆ ನೌಕಾಪಡೆಯ ಮುಖ್ಯಸ್ಥರಾದರು, ಈ ಪ್ರಸಂಗವನ್ನು ತಾವೇ ಬರೆದಿದ್ದಾರೆ.

ನಾನು ಈ ಕಥೆಯನ್ನು ವಿಶಾಖಪಟ್ಟಣಕ್ಕೆ ಜೋಡಿಸಲು ಕಾರಣವಿದೆ. 1983ರಲ್ಲಿ ನೌಕಾಪಡೆಗೆ ಸೀ ಹ್ಯಾರಿಯರ್ ಜಂಪ್ ಜೆಟ್‌ಗಳು ಬಂದಾಗ ಅವುಗಳ ಸ್ಕ್ವಾಡ್ರನ್ ‘ವೈಟ್ ಟೈಗರ್ಸ್’ ಅನ್ನು ಮುನ್ನಡೆಸಿದವರು ಇದೇ ಅರುಣ್ ಪ್ರಕಾಶ್. 2016ರ ಮೇ ತಿಂಗಳಲ್ಲಿ ಗೋವಾದಲ್ಲಿ ಆ ವಿಮಾನಗಳಿಗೆ ವಿದಾಯ ಹೇಳಿದರು. ಅವುಗಳಲ್ಲಿ ಒಂದಕ್ಕೆ ವಿಶಾಖಪಟ್ಟಣದ ಬೀಚ್ ರಸ್ತೆಯ ರಾಜೀವ್ ಸ್ಮೃತಿ ಭವನದಲ್ಲಿ ಜಾಗ ಸಿಕ್ಕಿತು. ಮೈಕ್ರೊಪ್ರೋಸ್‌ನ 1992ರ ‘ಹ್ಯಾರಿಯರ್ ಜಂಪ್ ಜೆಟ್’ ಆಟದಲ್ಲಿ ಅದರ ಮೂತಿಯನ್ನು ಗಾಳಿಯಲ್ಲಿ ನಿಲ್ಲಿಸಲು ಒದ್ದಾಡಿದವರಿಗೆ, ಪೈಲಟ್ ಆಗಿದ್ದ ಪ್ರಧಾನಿಯ ಹೆಸರಿನ ಭವನದಲ್ಲಿ ಆ ವಿಮಾನ ನೋಡುವುದು ಏನೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಸಮೀಪದಲ್ಲೇ ಸೋವಿಯತ್ ನಿರ್ಮಿತ ಟಿಯು-142 ವಿಮಾನ ಮ್ಯೂಸಿಯಂ ಆಗಿ ನಿಂತಿದೆ. 1988ರಿಂದ 2017ರವರೆಗೆ ಬಂಗಾಳ ಕೊಲ್ಲಿ, ಹಿಂದೂ ಮಹಾಸಾಗರಗಳ ಮೇಲೆ ಜಲಾಂತರ್ಗಾಮಿಗಳನ್ನು ಹುಡುಕುತ್ತಿದ್ದ ಈ ದೈತ್ಯನನ್ನು ನ್ಯಾಟೊ ದೇಶಗಳು ‘ಬೇರ್’, ಕರಡಿ, ಎಂದು ಕರೆಯುತ್ತವೆ. ಮೈಕ್ರೊಪ್ರೋಸ್‌ನ 1994ರ ‘ಫ್ಲೀಟ್ ಡಿಫೆಂಡರ್’ ಆಟದಲ್ಲಿ ಎಫ್-14 ಹತ್ತಿ ನಾವು ಬೇಟೆಯಾಡುತ್ತಿದ್ದ ಕರಡಿಗಳು ಇದೇ ಜಾತಿಯವು. 2017ರ ಡಿಸೆಂಬರ್‌ನಲ್ಲಿ ರಾಷ್ಟ್ರಪತಿ ರಾಮನಾಥ್ ಕೋವಿಂದ್ ಉದ್ಘಾಟಿಸಿದ ಈ ಮ್ಯೂಸಿಯಂನಲ್ಲಿ ವಿಮಾನದ ಒಳಗೇ ನಡೆದು ಹೋಗಬಹುದು. ಒಂದರ ಬೆನ್ನಿಗೆ ಇನ್ನೊಂದು ವಿರುದ್ಧ ದಿಕ್ಕಿಗೆ ತಿರುಗುವ ಜೋಡಿ ಪ್ರೊಪೆಲ್ಲರ್‌ಗಳ ಕೆಳಗೆ ನಿಂತಾಗ, ಆಟದಲ್ಲಿ ಹೊಡೆದುರುಳಿಸಿದ ಒಂದೊಂದು ಕರಡಿಯೂ ನನಗೆ ನೆನಪಾಯಿತು.

ಓದಿಗಾಗಿ ವಿಜಯವಾಡಕ್ಕೆ ಹೋದ ಮೇಲೆ ಆಟಗಳೂ ದೊಡ್ಡವಾದವು. ವಿಶಾಖಪಟ್ಟಣದಿಂದ ಸುಮಾರು 350 ಕಿಲೋಮೀಟರ್. ಅಲ್ಲಿ ಕಡಲಿಲ್ಲ, ಯುದ್ಧನೌಕೆ ಇಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನೆ ಬಳಸಿದ ಗನ್ನವರಂ ನೆಲೆ ಊರಾಚೆಯ ಸಣ್ಣ ವಿಮಾನ ನಿಲ್ದಾಣವಾಗಿ ಉಳಿದಿತ್ತು. ಆದರೆ ವ್ಯಾಪಾರದ ಊರು. ಗವರ್ನರ್‌ಪೇಟೆ, ಏಲೂರು ರಸ್ತೆಯ ಆಸುಪಾಸಿನಲ್ಲಿ ಕಂಪ್ಯೂಟರ್ ಬಿಡಿಭಾಗ ತರಿಸಿ ಜೋಡಿಸಿ ಕೊಡುವವರು ಹುಟ್ಟಿಕೊಂಡಿದ್ದರು. ಚೆನ್ನೈನ ಬರ್ಮಾ ಬಜಾರಿನಿಂದ ಪಿನಾಕಿನಿ ಎಕ್ಸ್‌ಪ್ರೆಸ್‌ನಲ್ಲಿ ಹೊಸ ಆಟಗಳು ಬಂದಿಳಿಯುತ್ತಿದ್ದವು. ನಾವು ವಿಶಾಖಪಟ್ಟಣಕ್ಕೆ ರಜೆಗೆ ಹೋಗುವಾಗ ಫ್ಲಾಪಿಗಳನ್ನು ಬಟ್ಟೆಯ ಮಡಿಕೆಯೊಳಗೆ ಸುತ್ತಿ ಒಯ್ಯುತ್ತಿದ್ದೆವು. ಒಂದು ಆಟ ಐದಾರು ಫ್ಲಾಪಿ. ಕೊನೆಯದು ಓದದೆ ಹೋದರೆ ಇಡೀ ಪ್ರಯಾಣ ವ್ಯರ್ಥ.

ಆ ಕಾಲದ ಮಹಾಕಾವ್ಯ ‘ಫಾಲ್ಕನ್ 3.0’. 1991ರ ಕೊನೆಗೆ ಬಂದ ಈ ಎಫ್-16 ಆಟ ಹಿಂದಿನವುಗಳಂತೆ ಒಂದೊಂದೇ ಕಾರ್ಯಾಚರಣೆಯ ಸರಣಿಯಾಗಿರಲಿಲ್ಲ. ಇಡೀ ಸ್ಕ್ವಾಡ್ರನ್ ನಿಮ್ಮ ಕೈಯಲ್ಲಿ. ನಿಮ್ಮ ಪೈಲಟ್‌ಗಳು ದಣಿಯುತ್ತಾರೆ, ಸಾಯುತ್ತಾರೆ. ಇಂದು ಉಡಾಯಿಸದೆ ಬಿಟ್ಟ ಸೇತುವೆ ನಾಳಿನ ಯುದ್ಧದಲ್ಲಿ ಶತ್ರುವಿಗೆ ಒದಗುತ್ತದೆ. ಇದನ್ನು ಓಡಿಸಲು ಆಗಿನ ಡಾಸ್ ಯಂತ್ರದ 640 ಕೆಬಿ ಮೂಲ ಮೆಮೊರಿಯಲ್ಲಿ ಸುಮಾರು 600 ಕೆಬಿ ಖಾಲಿ ಇಡಬೇಕಿತ್ತು. ಕೀಬೋರ್ಡ್, ಮೌಸ್, ಸಿಡಿ ಪ್ರತಿಯೊಂದರ ಡ್ರೈವರ್ ಕೂಡ ಅದೇ ಜಾಗದಲ್ಲಿ ಪಾಲು ಕೇಳುವುದರಿಂದ ‘ಕಾನ್ಫಿಗ್.ಸಿಸ್’, ‘ಆಟೊಎಕ್ಸೆಕ್.ಬ್ಯಾಟ್’ ಕಡತಗಳನ್ನು ತಿದ್ದಿ, ಬೇಡದ್ದನ್ನು ಕಿತ್ತು, ಬೇಕಾದ್ದನ್ನು ಮೇಲಿನ ಮೆಮೊರಿಗೆ ಏರಿಸಿ, ಆ ಆಟಕ್ಕೆಂದೇ ಬೇರೆ ಬೂಟ್ ಫ್ಲಾಪಿ ತಯಾರಿಸುತ್ತಿದ್ದೆವು. ನಮ್ಮ ತಲೆಮಾರಿನ ಎಷ್ಟೋ ಸಾಫ್ಟ್‌ವೇರ್ ಇಂಜಿನಿಯರುಗಳಿಗೆ ಕಂಪ್ಯೂಟರಿನ ಒಳಗು ಅರ್ಥವಾದದ್ದು ಕಾಲೇಜಿನ ಪಠ್ಯದಿಂದಲ್ಲ, ಈ ಕಡತಗಳಿಂದ ಎಂದು ನಾನು ಖಂಡಿತ ನಂಬುತ್ತೇನೆ. ಇನ್ನೊಂದು ಬೇಡಿಕೆಯೂ ಇತ್ತು. ಹಾರಾಟದ ನಿಜವಾದ ಗಣಿತ ಬೇಕೆಂದರೆ ದಶಾಂಶ ಲೆಕ್ಕಕ್ಕೆಂದೇ ಇರುವ ಗಣಿತ ಚಿಪ್, ಮ್ಯಾಥ್ ಕೋಪ್ರೊಸೆಸರ್, ಬೇಕು. ನಮ್ಮ 386 ಯಂತ್ರಗಳಲ್ಲಿ ಅದಕ್ಕೆ ಜಾಗ ಇತ್ತು, ಚಿಪ್ ಇರಲಿಲ್ಲ. ವಿಜಯವಾಡದಲ್ಲಿ ಆಟೊಕ್ಯಾಡ್ ಬಳಸುತ್ತಿದ್ದ ಕಟ್ಟಡ ವಿನ್ಯಾಸದ ಆಫೀಸೊಂದರಲ್ಲಿ ಆ ಚಿಪ್ ಇದ್ದ ಯಂತ್ರವಿತ್ತು. ಗೆಳೆಯನ ಚಿಕ್ಕಪ್ಪ ಅಲ್ಲಿ ಕೆಲಸದಲ್ಲಿದ್ದರು. ಭಾನುವಾರ ಅವರು ಬೀಗ ತೆಗೆಯುವುದನ್ನೇ ಕಾಯುತ್ತಿದ್ದೆವು. ಮೊದಲ ಸಲ ಆ ಗಣಿತದಲ್ಲಿ ಹಾರಿದಾಗ ವಿಮಾನಕ್ಕೆ ತೂಕ ಬಂದಿತ್ತು. 9 ಜಿ ತಿರುವಿನಲ್ಲಿ 70 ಕಿಲೋ ಮನುಷ್ಯ 630 ಕಿಲೋ ಆಗುತ್ತಾನೆ, ತಲೆಯ ರಕ್ತ ಕಾಲಿಗಿಳಿದು ಕಣ್ಣು ಕಪ್ಪಾಗುತ್ತದೆ. ತೆರೆ ಅಂಚಿನಿಂದ ಕಪ್ಪಾಗುತ್ತ ಬಂದಾಗ ನಾವೂ ಉಸಿರು ಬಿಗಿ ಹಿಡಿದಿದ್ದೆವು.

1992ರಲ್ಲಿ ಫಾಲ್ಕನ್‌ಗೆ ‘ಆಪರೇಷನ್ ಫೈಟಿಂಗ್ ಟೈಗರ್’ ಎಂಬ ಸೇರ್ಪಡೆ ಬಂತು. ಅದರ ಯುದ್ಧರಂಗಗಳಲ್ಲಿ ಒಂದು ಭಾರತ ಮತ್ತು ಪಾಕಿಸ್ತಾನ. ನಕ್ಷೆಯಲ್ಲಿ ನಮ್ಮ ಊರುಗಳ ಹೆಸರು ನೋಡಿ ಕುಣಿದೆವು. ಕುಣಿತ ಹೆಚ್ಚು ಹೊತ್ತು ಉಳಿಯಲಿಲ್ಲ. ಇದು ಎಫ್-16ರ ಆಟ. 1983ರಿಂದ ಎಫ್-16 ಇಟ್ಟುಕೊಂಡಿದ್ದುದು ಪಾಕಿಸ್ತಾನ, ನಾವಲ್ಲ. ನಮ್ಮಲ್ಲಿದ್ದುದು ಮಿಗ್‌ಗಳು. ಎಫ್-19ರ ಕಾಲದಲ್ಲಿ ಚುಚ್ಚುತ್ತಿದ್ದ ಮುಳ್ಳು ಈಗ ಆಳಕ್ಕಿಳಿಯಿತು. ಕುವೈತ್, ಪನಾಮಾ ಮೇಲೆ ಹಾರುವಾಗ ಬಾರದ ಪ್ರಶ್ನೆ ಬಂತು: ಈ ವಿಮಾನ ಯಾರದು, ಕೆಳಗಿರುವವರು ಯಾರು? ಗೆಳೆಯರಲ್ಲಿ ಒಬ್ಬ ಆ ಯುದ್ಧರಂಗವನ್ನು ಮತ್ತೆಂದೂ ತೆರೆಯಲಿಲ್ಲ. ಅವನ ತಂದೆ ನೌಕಾಪಡೆಯಲ್ಲಿದ್ದರು. ಉಳಿದವರು ಅವನನ್ನು ಒತ್ತಾಯಿಸಲಿಲ್ಲ. ದೂರದ ಕ್ಯಾಲಿಫೋರ್ನಿಯಾದಲ್ಲಿ ಆಟ ಬರೆದವರಿಗೆ ಇದರಲ್ಲಿ ಕೆಟ್ಟ ಉದ್ದೇಶ ಇತ್ತೆಂದು ನಾನು ಹೇಳುವುದಿಲ್ಲ. ಅವರಿಗೆ ಗೊತ್ತಿದ್ದ ವಿಮಾನ ಎಫ್-16, ಅದು ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಯುದ್ಧ ಕಲ್ಪಿಸಿದರು. ಆದರೆ ಆಟ ಬರೆಯುವವನ ಕುರ್ಚಿ ಎಲ್ಲಿದೆ ಎಂಬುದರ ಮೇಲೆ ಆಡುವವನ ಕುರ್ಚಿಯ ದಿಕ್ಕು ನಿರ್ಧಾರವಾಗುತ್ತದೆ ಎಂದು ನನಗೆ ಹೊಳೆದದ್ದು ಆ ಭಾನುವಾರಗಳಲ್ಲೇ.

ಕುರ್ಚಿ ತಿರುಗಿದ್ದನ್ನೂ ನಾವೇ ಕಂಡೆವು. 1993ರಲ್ಲಿ ಫಾಲ್ಕನ್ ತಂಡವೇ ‘ಮಿಗ್-29’ ಕಾಕ್‌ಪಿಟ್ ಕೊಟ್ಟಿತು. 1987ರಿಂದ ನಮ್ಮ ವಾಯುಪಡೆಯಲ್ಲಿದ್ದ ವಿಮಾನ ಅದು. 1995ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾದ ಮೇಲೆ ಮಾಸ್ಕೋದ ತಂಡವೊಂದು ಬರೆದ ‘ಸು-27 ಫ್ಲಾಂಕರ್’ ಬಂತು. ಇದರಲ್ಲಿ ರಷ್ಯನ್ನರೇ ರಷ್ಯದ ವಿಮಾನದ ಕಥೆ ಹೇಳುತ್ತಿದ್ದರು. ಮುಂದಿನ ವರ್ಷವೇ ಭಾರತ ಅದೇ ವಂಶದ ಸುಖೋಯ್-30 ಕೊಳ್ಳಲು ಸಹಿ ಹಾಕಿತು. ಸುದ್ದಿ ಬಂದ ದಿನ ವಿಜಯವಾಡದ ಹಾಸ್ಟೆಲಿನಲ್ಲಿ ಅದರ ರೇಡಾರ್ ಹೇಗೆ ಕೆಲಸ ಮಾಡುತ್ತದೆಂದು ವಿವರಿಸಬಲ್ಲ ಹುಡುಗರಿದ್ದರು. ಮಾಸ್ಕೋದ ಆ ತಂಡದ ಕೆಲಸವೇ ಬೆಳೆದು ಇಂದಿನ ‘ಡಿಸಿಎಸ್’ ಸಿಮ್ಯುಲೇಟರ್ ಆಗಿದೆ. ಅದರಲ್ಲಿ 2014ರಿಂದ ಮಿಗ್-21 ಬಿಸ್ ವಿಮಾನದ ಕಾಕ್‌ಪಿಟ್ ಸ್ವಿಚ್ಚು ಸ್ವಿಚ್ಚಾಗಿ ಸಿಗುತ್ತದೆ. ನಿಜವಾದ ಮಿಗ್-21ಗಳಿಗೆ 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಿದಾಯ ಹೇಳಿದರು. ಇನ್ನು ಮುಂದೆ ಅದರ ಎಂಜಿನ್ ಚಾಲೂ ಮಾಡುವ ಕ್ರಮವನ್ನು ಭಾರತದ ಹುಡುಗನೊಬ್ಬ ಕೈಯಾರೆ ಕಲಿಯಬೇಕಾದರೆ ಇರುವ ದಾರಿ ಇದೊಂದೇ.

ಬೆಂಗಳೂರಿನ ಓದುಗರಿಗಾಗಿ ಒಂದು ಮಾತು ಸೇರಿಸಬೇಕು. ನಾವು ವಿಜಯವಾಡದಲ್ಲಿ ಎಫ್-16 ಹಾರಿಸುತ್ತಿದ್ದ 1990ರ ದಶಕದಲ್ಲೇ ತೇಜಸ್ ವಿಮಾನದ ನಿಯಂತ್ರಣ ಸೂತ್ರಗಳನ್ನು ಅಮೆರಿಕದಲ್ಲಿ ನಿಜವಾದ ಎಫ್-16 ಒಂದರ ಮೇಲೆ ಪರೀಕ್ಷಿಸಲಾಯಿತು. ಬೇರೆ ವಿಮಾನದ ಗುಣ ನಟಿಸಬಲ್ಲ ವಿಸ್ಟಾ ಎಂಬ ವಿಶೇಷ ಎಫ್-16 ಅದು. 1998ರ ಪೋಖ್ರಾನ್ ಪರೀಕ್ಷೆಯ ನಂತರ ಅಮೆರಿಕದ ಬಾಗಿಲು ಮುಚ್ಚಿತು. ಉಳಿದ ಕೆಲಸ ಬೆಂಗಳೂರಿನ ಎಡಿಇ ಸಂಸ್ಥೆಯ ಸಿಮ್ಯುಲೇಟರಿನಲ್ಲಿ ನಡೆಯಿತು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲ್ ತೇಜಸ್ ಅನ್ನು ಮೊದಲ ಸಲ ನೆಲದಿಂದ ಎತ್ತುವ ಮೊದಲೇ ಆ ಹಾರಾಟ ಸಿಮ್ಯುಲೇಟರಿನಲ್ಲಿ ಮತ್ತೆ ಮತ್ತೆ ನಡೆದುಹೋಗಿತ್ತು. ನಮ್ಮ ಫ್ಲಾಪಿಯೊಳಗಿನ ಗಣಿತಕ್ಕೂ ಅದಕ್ಕೂ ಇರುವ ಅಂತರ ದೊಡ್ಡದು, ಆದರೆ ಕುಲ ಒಂದೇ.

ಇಷ್ಟೆಲ್ಲ ಆಕಾಶಗಳಲ್ಲಿ ಹಾರಿದ ಮೇಲೂ ವಿಶಾಖಪಟ್ಟಣದ ಆಕಾಶವೊಂದು ಬಾಕಿ ಉಳಿದಿದೆ. 1942ರ ಏಪ್ರಿಲ್ 6ರಂದು ಜಪಾನಿನ ರ್‍ಯೂಜೊ ಎಂಬ ವಿಮಾನವಾಹಕ ನೌಕೆಯಿಂದ ಎದ್ದ ವಿಮಾನಗಳು ವಿಶಾಖಪಟ್ಟಣ ಮತ್ತು ಕಾಕಿನಾಡಗಳ ಮೇಲೆ ಬಾಂಬು ಹಾಕಿದವು. ಹಿಂದಿನ ದಿನ ಈಸ್ಟರ್ ಭಾನುವಾರ, ಕೊಲಂಬೊ ಮೇಲೆ ದಾಳಿ ನಡೆದಿತ್ತು. ಮದರಾಸಿನಿಂದ ಜನ ಊರು ಬಿಟ್ಟು ಓಡಿದ ದಿನಗಳು ಅವು. ನಮ್ಮ ಬೀದಿಯ ಮುದುಕರು ಆ ದಿನದ ಸೈರನ್ ನೆನೆಸಿಕೊಳ್ಳುತ್ತಿದ್ದರು. ನಾವು ಅರ್ಧ ಕಿವಿಯಲ್ಲಿ ಕೇಳಿ ಕಂಪ್ಯೂಟರ್ ಕೇಂದ್ರಕ್ಕೆ ಓಡುತ್ತಿದ್ದೆವು. ಅಲ್ಲಿ ನಮಗೆ ಕಾದಿರುತ್ತಿದ್ದುದು 1988ರ ‘ಬ್ಯಾಟಲ್‌ಹಾಕ್ಸ್ 1942’. ಲ್ಯಾರಿ ಹಾಲಂಡ್ ರೂಪಿಸಿದ ಆ ಆಟದಲ್ಲಿ ಪೆಸಿಫಿಕ್ ಸಾಗರದ ನಾಲ್ಕು ನೌಕಾಯುದ್ಧಗಳಿದ್ದವು. ಅವುಗಳಲ್ಲಿ ಒಂದು ಈಸ್ಟರ್ನ್ ಸಾಲೊಮನ್ಸ್ ಕದನ. 1942ರ ಆಗಸ್ಟ್‌ನಲ್ಲಿ ರ್‍ಯೂಜೊ ಮುಳುಗಿದ್ದು ಅದೇ ಕದನದಲ್ಲಿ. ನಮ್ಮ ಊರಿಗೆ ಬಾಂಬು ಹಾಕಿದ ಹಡಗಿನ ಕೊನೆಯ ಯುದ್ಧವನ್ನು ನಾವು ಅದೇ ಊರಿನಲ್ಲಿ ಕೂತು ಆಡುತ್ತಿದ್ದೆವು, ಬಾಂಬು ಬಿದ್ದುದನ್ನು ಕಂಡವರು ನಾಲ್ಕು ಮನೆಯಾಚೆ ಇದ್ದರು. ಎರಡನ್ನೂ ಜೋಡಿಸಿ ಹೇಳುವವರು ಯಾರೂ ಇರಲಿಲ್ಲ. ಆಟದ ಕೈಪಿಡಿಯಲ್ಲಿ ಮಿಡ್‌ವೇ ಇತ್ತು, ಕೋರಲ್ ಸೀ ಇತ್ತು, ಬಂಗಾಳ ಕೊಲ್ಲಿ ಇರಲಿಲ್ಲ.

ಈಗ ಕೊರತೆ ತುಂಬಿಕೊಳ್ಳುವುದು ಕಷ್ಟವಲ್ಲ. ಆರ್ಟ್‌ವಿಕ್ ಶುರುಮಾಡಿದ ಸಿಮ್ಯುಲೇಟರಿನ 2020ರ ಆವೃತ್ತಿಯಲ್ಲಿ ಉಪಗ್ರಹ ಚಿತ್ರಗಳಿಂದ ಕಟ್ಟಿದ ಇಡೀ ಭೂಮಿ ಇದೆ. ವಿಶಾಖಪಟ್ಟಣ, ಗನ್ನವರಂ ಎರಡೂ ರನ್‌ವೇಗಳಲ್ಲಿ ಇಳಿಯಬಹುದು. ಕಾಳಗದ ಆಟಗಳಲ್ಲೂ ತಮ್ಮದೇ ಕಾರ್ಯಾಚರಣೆ ಬರೆದುಕೊಳ್ಳುವ ಸೌಕರ್ಯ ಇದೆ, ಹೊಸ ವಿಮಾನದ ಮಾದರಿ ಕಟ್ಟುವ ಹವ್ಯಾಸಿಗಳು ದೇಶದ ತುಂಬ ಇದ್ದಾರೆ. ವಿಶಾಖಪಟ್ಟಣದ ಯಾವುದಾದರೂ ಕಾಲೇಜಿನ ಮಕ್ಕಳು 1942ರ ಬಂದರು, ಡಾಲ್ಫಿನ್ಸ್ ನೋಸ್ ಗುಡ್ಡ, ಕಡಲಿನಾಚೆ ರ್‍ಯೂಜೊ ಇಷ್ಟನ್ನು ಕಟ್ಟಲಿ. ದಾಳಿಗೆ ಬಂದವರ ಕಾಕ್‌ಪಿಟ್ ಬೇಕಾದವರು ಅದನ್ನು ಹತ್ತಲಿ. ಆ ಯುದ್ಧದ ಆರಂಭದ ವರ್ಷಗಳಲ್ಲಿ ನಮ್ಮ ಕರಾವಳಿ ಕಾಯಲು ಹಾರುತ್ತಿದ್ದುದು ವಾಪಿಟಿ ಎಂಬ ಹಳೆಯ ಜೋಡಿರೆಕ್ಕೆಯ ವಿಮಾನ. ತೆರೆದ ಕಾಕ್‌ಪಿಟ್, ನಿಧಾನದ ಎಂಜಿನ್, ಎದುರಿಗೆ ಕಣ್ಣು ಹರಿಯುವಷ್ಟೂ ನೀರು. ನಾನು ಹತ್ತುವುದು ಅದನ್ನು.